ಅದ್ದಿ ನೋಡಿದರೆ ಸಾಕು: ಹೆಲೆನ್ ಫ್ರೀ ಮತ್ತು ಬಣ್ಣ ಬದಲಿಸುವ ಕಾಗದ



ಬೆನೆಡಿಕ್ಟ್ ದ್ರಾವಣದ ಪ್ರಯೋಗವನ್ನು ನಿಮ್ಮಲ್ಲಿ ಕೆಲವರು ಮಾಡಿರಬಹುದು, ಉಳಿದವರು ಮುಂದಿನ ತರಗತಿಗಳಲ್ಲಿ ಮಾಡುತ್ತೀರಿ. ಪ್ರನಾಳದಲ್ಲಿ ನೀಲಿ ದ್ರಾವಣ ಇರುತ್ತದೆ. ಅದಕ್ಕೆ ನಾಲ್ಕು ಹನಿ ಗ್ಲೂಕೋಸ್ ನೀರು ಹಾಕಿ, ಕುದಿಯುವ ನೀರಿನಲ್ಲಿ ನಿಲ್ಲಿಸಿದರೆ ನೀಲಿ ಹಸಿರಾಗುತ್ತದೆ, ಹಸಿರು ಹಳದಿಯಾಗುತ್ತದೆ, ಸಕ್ಕರೆ ಜಾಸ್ತಿ ಇದ್ದರೆ ಕೊನೆಗೆ ಇಟ್ಟಿಗೆ ಕೆಂಪು ಬರುತ್ತದೆ. ಅಡಿಕೆ ತೋಟಕ್ಕೆ ಮದ್ದು ಬಿಡುವಾಗ ಸುಣ್ಣದ ಜೊತೆ ಸೇರಿಸುವ ಮೈಲುತುತ್ತು ಗೊತ್ತಲ್ಲ? ಅದೇ ಕಾಪರ್ ಸಲ್ಫೇಟ್. ಬೆನೆಡಿಕ್ಟ್ ದ್ರಾವಣದ ನೀಲಿ ಬಣ್ಣ ಅದರಲ್ಲಿರುವ ತಾಮ್ರದ ಅಯಾನುಗಳದ್ದು. ಗ್ಲೂಕೋಸ್ ಅವನ್ನು ಅಪಕರ್ಷಿಸಿ ಕೆಂಪು ಕ್ಯುಪ್ರಸ್ ಆಕ್ಸೈಡ್ ಮಾಡುತ್ತದೆ.

ಈ ಪ್ರಯೋಗವನ್ನು ನಾವು ಶಾಲೆಯಲ್ಲಿ ಒಂದೆರಡು ಸಲ ಮಾಡಿ ಮುಗಿಸುತ್ತೇವೆ. ಆದರೆ ಇದನ್ನೇ ದಿನಾ, ತಮ್ಮ ಜೀವ ಉಳಿಸಿಕೊಳ್ಳಲು ಮಾಡಬೇಕಾಗಿದ್ದ ಜನರೂ ಇದ್ದರು. ಅವರ ಕೈಯಿಂದ ಒಲೆಯನ್ನೂ ಪ್ರನಾಳವನ್ನೂ ಬಿಡಿಸಿ, ಒಂದು ಚಿಕ್ಕ ಕಾಗದದ ಪಟ್ಟಿ ಕೊಟ್ಟವರಲ್ಲಿ ಒಬ್ಬರು ಹೆಲೆನ್ ಫ್ರೀ ಎಂಬ ಅಮೆರಿಕದ ರಸಾಯನ ವಿಜ್ಞಾನಿ. ಈ ಪಾಠ ಅವರ ಕೆಲಸದ ಬಗ್ಗೆ.

ಇರುವೆಯಿಂದ ಇನ್ಸುಲಿನ್‌ವರೆಗೆ

ಸಕ್ಕರೆ ಕಾಯಿಲೆಗೆ ನಮ್ಮ ಹಳೆಯ ವೈದ್ಯರು ಇಟ್ಟ ಹೆಸರು ಮಧುಮೇಹ. ಮಧು ಅಂದರೆ ಜೇನು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುತ್ತವೆ ಎಂಬುದನ್ನು ಅವರು ಗಮನಿಸಿದ್ದರು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು ಮೂತ್ರದ ರುಚಿ ನೋಡಿ, ಅದು ಸಿಹಿ ಎಂದು ಬರೆದಿಟ್ಟರು. ಅಸಹ್ಯ ಅನ್ನಿಸುತ್ತದೆ ಅಲ್ವಾ? ಬೇರೆ ದಾರಿ ಇರಲಿಲ್ಲ.

ಮೂತ್ರಕ್ಕೆ ಸಕ್ಕರೆ ಎಲ್ಲಿಂದ ಬರುತ್ತದೆ? ನಮ್ಮ ಮೂತ್ರಪಿಂಡ ರಕ್ತವನ್ನು ಸೋಸುವಾಗ ಗ್ಲೂಕೋಸನ್ನು ಹೊರಗೆ ಬಿಡದೆ ಮತ್ತೆ ಹೀರಿಕೊಂಡು ರಕ್ತಕ್ಕೇ ಸೇರಿಸುತ್ತದೆ. ಅದಕ್ಕೊಂದು ಮಿತಿ ಇದೆ. ರಕ್ತದ 100 ಮಿಲಿಲೀಟರಿನಲ್ಲಿ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ದಾಟಿದರೆ ಪೂರ್ತಿ ಹೀರಿಕೊಳ್ಳಲು ಆಗುವುದಿಲ್ಲ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ.

1922ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಮೊದಲ ಬಾರಿಗೆ ಮಧುಮೇಹದ ರೋಗಿಗೆ ಇನ್ಸುಲಿನ್ ಕೊಟ್ಟರು. ಅದುವರೆಗೆ ಬದುಕುವ ಆಸೆಯೇ ಇಲ್ಲದಿದ್ದ ಮಕ್ಕಳು ಬದುಕತೊಡಗಿದರು. ಆದರೆ ಅದರ ಜೊತೆಗೇ ಹೊಸ ಕಷ್ಟ ಬಂತು. ಇನ್ಸುಲಿನ್ ಕಡಿಮೆ ಆದರೂ ಅಪಾಯ, ಹೆಚ್ಚಾದರೂ ಅಪಾಯ. ಎಷ್ಟು ಕೊಡಬೇಕು ಎಂದು ತಿಳಿಯಲು ಸಕ್ಕರೆಯ ಮೇಲೆ ದಿನಾ ಕಣ್ಣಿಡಬೇಕು. ಅಂದರೆ ಮನೆಯಲ್ಲಿ ದಿನಾ ಮೂತ್ರ ಹಿಡಿದು, ಬೆನೆಡಿಕ್ಟ್ ದ್ರಾವಣ ಅಳೆದು, ಕಾಯಿಸಿ, ಬಣ್ಣ ನೋಡಬೇಕು. ಶಾಲೆಗೆ ಹೋಗುವ ಮಗು, ಹೊಲಕ್ಕೆ ಹೋಗುವ ರೈತ, ಪ್ರಯಾಣದಲ್ಲಿರುವವರು ಇದನ್ನು ಹೇಗೆ ಮಾಡಿಯಾರು?

ಲ್ಯಾಟಿನ್ ಬಿಟ್ಟು ರಸಾಯನಶಾಸ್ತ್ರಕ್ಕೆ

ಹೆಲೆನ್ ಹುಟ್ಟಿದ್ದು 1923ರ ಫೆಬ್ರವರಿ 20ರಂದು, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ತವರಿನ ಹೆಸರು ಹೆಲೆನ್ ಮರ್ರೆ. 1941ರಲ್ಲಿ ಓಹಿಯೋ ರಾಜ್ಯದ ವೂಸ್ಟರ್ ಕಾಲೇಜಿಗೆ ಸೇರಿದಾಗ ಅವರ ಮನಸ್ಸಿನಲ್ಲಿದ್ದದ್ದು ಇಂಗ್ಲಿಷ್ ಮತ್ತು ಲ್ಯಾಟಿನ್ ಕಲಿಸುವ ಟೀಚರ್ ಆಗುವುದು.

ಅದೇ ವರ್ಷ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಯಿತು, ಅಮೆರಿಕ ಯುದ್ಧಕ್ಕೆ ಇಳಿಯಿತು. ವಿಜ್ಞಾನ ಓದುತ್ತಿದ್ದ ಹುಡುಗರು ಸೈನ್ಯಕ್ಕೆ ಹೋಗತೊಡಗಿದರು. ಹೆಲೆನ್ ಇದ್ದ ಹಾಸ್ಟೆಲಿನ ಮೇಲ್ವಿಚಾರಕಿ ಹುಡುಗಿಯರನ್ನು ಸೇರಿಸಿ, ನಿಮ್ಮಲ್ಲಿ ಯಾರಾದರೂ ವಿಜ್ಞಾನದ ಕಡೆಗೆ ಬರಬಾರದೇಕೆ ಎಂದು ಕೇಳಿದರು. ಹೆಲೆನ್ ಬಂದರು. ಆಗ ಹಾಗೆ ವಿಷಯ ಬದಲಿಸಿದ್ದು ತಮ್ಮ ಬದುಕಿನಲ್ಲಿ ಆದ ದೊಡ್ಡ ಒಳ್ಳೆಯದು ಎಂದು ಮುಂದೆ ಅವರೇ ಹೇಳುತ್ತಿದ್ದರು.

1944ರಲ್ಲಿ ಪದವಿ ಮುಗಿಸಿ, ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಊರಿನ ಮೈಲ್ಸ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಗೆ ಸೇರಿದರು. ಮೊದಲು ಸಿಕ್ಕಿದ ಕೆಲಸ ಗುಣಮಟ್ಟ ಪರೀಕ್ಷೆ. ವಿಟಮಿನ್ ಮಾತ್ರೆಗಳಿಗೆ ಹಾಕುವ ಪದಾರ್ಥಗಳು ಸರಿಯಾಗಿವೆಯೇ ಎಂದು ದಿನವೂ ಒಂದೇ ರೀತಿಯ ಪರೀಕ್ಷೆ ಮಾಡುವುದು. ಅವರಿಗೆ ಮನಸ್ಸಿದ್ದದ್ದು ಸಂಶೋಧನೆಯಲ್ಲಿ. ಅದೇ ಕಂಪನಿಯಲ್ಲಿ ಆಲ್ಫ್ರೆಡ್ ಫ್ರೀ ಎಂಬ ಜೀವರಸಾಯನ ವಿಜ್ಞಾನಿ ತಮ್ಮ ತಂಡಕ್ಕೆ ಜನ ಹುಡುಕುತ್ತಿದ್ದರು. ಹೆಲೆನ್ ಅಲ್ಲಿಗೆ ಸೇರಿದರು. 1947ರಲ್ಲಿ ಇಬ್ಬರೂ ಮದುವೆಯಾದರು. ಮುಂದೆ ಹಲವು ದಶಕ ಒಟ್ಟಿಗೇ ಕೆಲಸ ಮಾಡಿದರು.

ಒಲೆ ಬೇಡದ ಗುಳಿಗೆ

ಮೈಲ್ಸ್ ಕಂಪನಿಯ ಹೆಸರುವಾಸಿ ಸರಕು ಆಲ್ಕಾ-ಸೆಲ್ಟ್ಜರ್, ನೀರಿಗೆ ಹಾಕಿದರೆ ಬುಸುಬುಸು ನೊರೆ ಬರುವ ಗುಳಿಗೆ. ಅಂಥದೇ ಗುಳಿಗೆಯೊಳಗೆ ಸಕ್ಕರೆ ಪರೀಕ್ಷೆಯನ್ನು ತುಂಬಬಹುದಲ್ಲ? 1941ರಲ್ಲಿ ಕಂಪನಿ ಹಾಗೆ ಮಾಡಿದ ಗುಳಿಗೆ ಕ್ಲಿನಿಟೆಸ್ಟ್. ಅದರಲ್ಲಿ ಕಾಪರ್ ಸಲ್ಫೇಟ್, ಸೋಡಿಯಂ ಹೈಡ್ರಾಕ್ಸೈಡ್, ಸಿಟ್ರಿಕ್ ಆಮ್ಲ, ಸೋಡಿಯಂ ಕಾರ್ಬೊನೇಟ್ ಇದ್ದವು. ಪ್ರನಾಳದಲ್ಲಿ 5 ಹನಿ ಮೂತ್ರ, 10 ಹನಿ ನೀರು, ಒಂದು ಗುಳಿಗೆ. ಸೋಡಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವಾಗಲೂ ಆಮ್ಲದ ಜೊತೆ ವರ್ತಿಸುವಾಗಲೂ ಶಾಖ ಹೊರಬರುತ್ತದೆ, ನಿಮಗೆ ಗೊತ್ತು. ಆ ಶಾಖಕ್ಕೇ ಪ್ರನಾಳದ ದ್ರವ ಕುದಿಯುತ್ತಿತ್ತು. ಒಲೆಯ ಕೆಲಸವನ್ನು ಗುಳಿಗೆಯೇ ಮಾಡಿತು.

ಹೆಲೆನ್ ಮತ್ತು ಆಲ್ಫ್ರೆಡ್ ಅವರ ತಂಡ ಇಂಥ ಗುಳಿಗೆಗಳನ್ನು ಇನ್ನಷ್ಟು ಬೆಳೆಸಿತು. ಮೂತ್ರದ ಕೀಟೋನ್ ಹುಡುಕಲು ಅಸಿಟೆಸ್ಟ್ ಬಂತು. ಇನ್ಸುಲಿನ್ ತೀರಾ ಕಡಿಮೆಯಾಗಿ, ದೇಹ ಸಕ್ಕರೆ ಬಿಟ್ಟು ಕೊಬ್ಬನ್ನೇ ಉರಿಸತೊಡಗಿದರೆ ಕೀಟೋನ್ ಬರುತ್ತದೆ. ಅದು ಅಪಾಯದ ಗಂಟೆ. ಕಾಮಾಲೆ ಇದ್ದರೆ ಮೂತ್ರಕ್ಕೆ ಬರುವ ಬಿಲಿರುಬಿನ್ ಹುಡುಕಲು ಇಕ್ಟೊಟೆಸ್ಟ್ ಬಂತು.

ಹಾಗಿದ್ದರೂ ಕ್ಲಿನಿಟೆಸ್ಟ್‌ಗೆ ಎರಡು ದೋಷ ಉಳಿದವು. ಒಂದು, ಸೋಡಿಯಂ ಹೈಡ್ರಾಕ್ಸೈಡ್ ಸುಡುವ ವಸ್ತು. ಮಿಠಾಯಿ ಎಂದುಕೊಂಡು ಮಗು ಬಾಯಿಗೆ ಹಾಕಿದರೆ ಗಂಟಲು ಸುಟ್ಟುಹೋದೀತು. ಎರಡನೆಯದು ಇನ್ನೂ ಸೂಕ್ಷ್ಮ. ತಾಮ್ರವನ್ನು ಅಪಕರ್ಷಿಸುವುದು ಗ್ಲೂಕೋಸ್ ಒಂದೇ ಅಲ್ಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್, ಹಣ್ಣಿನ ಸಕ್ಕರೆ ಫ್ರಕ್ಟೋಸ್, ವಿಟಮಿನ್ ಸಿ ಕೂಡ ಅದನ್ನೇ ಮಾಡುತ್ತವೆ. ಮಗುವಿಗೆ ಹಾಲೂಡಿಸುವ ತಾಯಿಯ ಮೂತ್ರದಲ್ಲಿ ಲ್ಯಾಕ್ಟೋಸ್ ಬಂದಿದ್ದರೆ ಗುಳಿಗೆ ಬಣ್ಣ ಬದಲಿಸುತ್ತದೆ. ಆಕೆಗೆ ಮಧುಮೇಹ ಇರುವುದೇ ಇಲ್ಲ! ಇದನ್ನು ಸುಳ್ಳು ಪಾಸಿಟಿವ್ ಅನ್ನುತ್ತಾರೆ.

ಗ್ಲೂಕೋಸನ್ನು ಮಾತ್ರ ಗುರುತಿಸುವುದು ಹೇಗೆ?

ಉತ್ತರ ಸಿಕ್ಕಿದ್ದು ಕಿಣ್ವಗಳಲ್ಲಿ. ಬೀಗಕ್ಕೊಂದು ಕೀಲಿಕೈ ಇದ್ದ ಹಾಗೆ ಒಂದೊಂದು ಕಿಣ್ವಕ್ಕೆ ಅದರದ್ದೇ ವಸ್ತು ಎಂದು ನೀವು ಓದಿದ್ದೀರಿ. ಬೂಷ್ಟಿನಿಂದ ತೆಗೆಯುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಹಿಡಿಯುತ್ತದೆ, ಲ್ಯಾಕ್ಟೋಸನ್ನೂ ಫ್ರಕ್ಟೋಸನ್ನೂ ಬಿಟ್ಟುಬಿಡುತ್ತದೆ. ಆದರೆ ಅದರ ಕ್ರಿಯೆಯಲ್ಲಿ ಕಣ್ಣಿಗೆ ಕಾಣುವಂಥ ಬಣ್ಣ ಹುಟ್ಟುವುದಿಲ್ಲ. ಅದಕ್ಕೇ ಎರಡು ಹೆಜ್ಜೆ ಬೇಕಾಯಿತು.

ಮೊದಲ ಹೆಜ್ಜೆ: ಗ್ಲೂಕೋಸ್ + ಆಕ್ಸಿಜನ್ → ಗ್ಲುಕೋನಿಕ್ ಆಮ್ಲ + ಹೈಡ್ರೋಜನ್ ಪೆರಾಕ್ಸೈಡ್. ಇದನ್ನು ನಡೆಸುವುದು ಗ್ಲೂಕೋಸ್ ಆಕ್ಸಿಡೇಸ್.

ಎರಡನೇ ಹೆಜ್ಜೆ: ಹೈಡ್ರೋಜನ್ ಪೆರಾಕ್ಸೈಡ್ + ಬಣ್ಣವಿಲ್ಲದ ಆರ್ಥೊಟೊಲಿಡಿನ್ → ನೀರು + ನೀಲಿ ಬಣ್ಣದ ವಸ್ತು. ಇದನ್ನು ನಡೆಸುವುದು ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ. ಮೂಲಂಗಿ, ಸಾಸಿವೆಗಳ ಕುಟುಂಬಕ್ಕೇ ಸೇರಿದ ಹಾರ್ಸ್‌ರ‍್ಯಾಡಿಶ್ ಎಂಬ ಗಿಡದ ಬೇರಿನಲ್ಲಿ ಅದು ಸಿಗುತ್ತದೆ.

ಮೊದಲ ಹೆಜ್ಜೆಯಲ್ಲಿ ಹುಟ್ಟಿದ್ದನ್ನು ಎರಡನೇ ಹೆಜ್ಜೆ ಬಳಸಿಕೊಂಡು ಬಣ್ಣ ತೋರಿಸುತ್ತದೆ. ಗ್ಲೂಕೋಸ್ ಇಲ್ಲದಿದ್ದರೆ ಪೆರಾಕ್ಸೈಡ್ ಇಲ್ಲ, ಪೆರಾಕ್ಸೈಡ್ ಇಲ್ಲದಿದ್ದರೆ ಬಣ್ಣ ಇಲ್ಲ.

ಕಾಗದದ ಮೇಲೆ ಇಷ್ಟು ಬರೆಯುವುದು ಸುಲಭ. ಎರಡು ಕಿಣ್ವ ಮತ್ತು ಒಂದು ಬಣ್ಣಕಾರಕವನ್ನು ಸೋಸುಕಾಗದಕ್ಕೆ ಹೀರಿಸಿ, ಒಣಗಿಸಿ, ಶೀಶೆಯಲ್ಲಿ ಹಾಕಿ, ತಿಂಗಳುಗಟ್ಟಲೆ ಅಂಗಡಿಯಲ್ಲಿಟ್ಟರೂ ಕೆಡದಂತೆ ಮಾಡುವುದು ಕಷ್ಟ. ಬಿಸಿಯಿಂದ ಕಿಣ್ವ ಕೆಡುತ್ತದೆ. ತೇವ ತಗುಲಿದರೆ ಬಳಸುವ ಮೊದಲೇ ಕ್ರಿಯೆ ಶುರುವಾದೀತು. ಕಾರಕ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಹೀರಿದರೆ ಬಣ್ಣ ಸಮನಾಗಿ ಬರದು. ಇಂಥ ಒಂದೊಂದು ತೊಡಕನ್ನೂ ಬಿಡಿಸುತ್ತಾ ಹೋಗಿ, 1956ರಲ್ಲಿ ಅವರ ತಂಡದ ಕ್ಲಿನಿಸ್ಟಿಕ್ಸ್ ಮಾರುಕಟ್ಟೆಗೆ ಬಂತು. ಆ ವರ್ಷಗಳಲ್ಲೇ ಲಿಲ್ಲಿ ಕಂಪನಿ ಕೂಡ ಇದೇ ಕಿಣ್ವವನ್ನು ಬಳಸಿ ಕಾಗದದ ಸುರುಳಿಯೊಂದನ್ನು ತಂದಿತ್ತು. ಪ್ರನಾಳ ಹೋಯಿತು, ಹನಿ ಎಣಿಸುವುದು ಹೋಯಿತು, ಸುಡುವ ಗುಳಿಗೆ ಹೋಯಿತು. ಅದ್ದು, ಕಾಯಿ, ಬಣ್ಣ ನೋಡು. ಅಷ್ಟೇ.

ಸುಳ್ಳು ಉತ್ತರದ ಎರಡು ಮುಖ

ಹಾಗಾದರೆ ಹೊಸ ಸ್ಟ್ರಿಪ್ ತಪ್ಪು ಹೇಳುವುದೇ ಇಲ್ಲವೇ? ಹೇಳುತ್ತದೆ. ಇಲ್ಲೊಂದು ಸ್ವಾರಸ್ಯ ನೋಡಿ. ತಾಮ್ರದ ಪರೀಕ್ಷೆಯಲ್ಲಿ ವಿಟಮಿನ್ ಸಿ ಇಲ್ಲದ ಸಕ್ಕರೆಯನ್ನು ಇದೆ ಎಂದು ತೋರಿಸುತ್ತಿತ್ತು. ಕಿಣ್ವದ ಪರೀಕ್ಷೆಯಲ್ಲಿ ಅದು ತಿರುಗಿಬಿತ್ತು. ಹುಟ್ಟಿದ ಪೆರಾಕ್ಸೈಡನ್ನು ವಿಟಮಿನ್ ಸಿ ಮೊದಲೇ ಬಳಸಿಬಿಟ್ಟರೆ ಬಣ್ಣ ಬರುವುದಿಲ್ಲ. ಇರುವ ಸಕ್ಕರೆ ಇಲ್ಲ ಎಂದು ತೋರುತ್ತದೆ. ಇದು ಸುಳ್ಳು ನೆಗೆಟಿವ್. ಎರಡರಲ್ಲಿ ಯಾವುದು ಹೆಚ್ಚು ಅಪಾಯ? ರೋಗವಿಲ್ಲದವರನ್ನು ಹೆದರಿಸುವುದೋ, ರೋಗವಿದ್ದವರನ್ನು ಸುಮ್ಮನೆ ಮನೆಗೆ ಕಳಿಸುವುದೋ? ತರಗತಿಯಲ್ಲಿ ಚರ್ಚೆ ಮಾಡಿ.

ಅದೇ ರೀತಿ, ಮೂತ್ರ ಹಿಡಿದ ಡಬ್ಬಿಯಲ್ಲಿ ಬ್ಲೀಚಿಂಗ್ ದ್ರಾವಣದ ಅಂಶ ಉಳಿದಿದ್ದರೆ ಗ್ಲೂಕೋಸ್ ಇಲ್ಲದೆಯೂ ಬಣ್ಣ ಬಂದೀತು. ಅದಕ್ಕೇ ಡಬ್ಬಿ ಸ್ವಚ್ಛವಾಗಿ, ಒಣಗಿ ಇರಬೇಕು. ಪರೀಕ್ಷೆಯನ್ನು ಸರಳ ಮಾಡುವುದು ಅಂದರೆ ಹೆಜ್ಜೆ ಕಡಿಮೆ ಮಾಡುವುದು ಮಾತ್ರವಲ್ಲ. ಇದು ಎಲ್ಲೆಲ್ಲಿ ತಪ್ಪು ಹೇಳಬಹುದು ಎಂದು ಮೊದಲೇ ಹುಡುಕಿ, ಒಂದೊಂದನ್ನೂ ಪರೀಕ್ಷಿಸಿ, ತಡೆಯಲಾಗುವುದನ್ನು ತಡೆದು, ಆಗದ್ದನ್ನು ಶೀಶೆಯ ಜೊತೆಗಿನ ಚೀಟಿಯಲ್ಲಿ ಬರೆದು ತಿಳಿಸಬೇಕು. ಲ್ಯಾಬಿನಲ್ಲಿ ಹೆಚ್ಚಿನ ದಿನಗಳು ಹೋಗುವುದು ಇದಕ್ಕೇ.

ಒಂದೇ ಪಟ್ಟಿ, ಹಲವು ಪ್ರಶ್ನೆ

ಮುಂದಿನ ಪ್ರಶ್ನೆ: ಒಂದೇ ಪಟ್ಟಿಯಲ್ಲಿ ಎರಡು ಪರೀಕ್ಷೆ ಆದೀತೇ? ಗ್ಲೂಕೋಸ್ ಜೊತೆಗೆ ಪ್ರೋಟೀನನ್ನೂ ನೋಡುವ ಯೂರಿಸ್ಟಿಕ್ಸ್ ಹಾಗೆ ಬಂತು. ಪ್ರೋಟೀನ್ ಪರೀಕ್ಷೆಯ ಗುಟ್ಟು ನಿಮ್ಮ ಸೂಚಕಗಳ ಪಾಠದಲ್ಲೇ ಇದೆ. ಟೆಟ್ರಾಬ್ರೋಮೊಫಿನಾಲ್ ಬ್ಲೂ ಎಂಬ ಸೂಚಕ ಆಮ್ಲದಲ್ಲಿ ಹಳದಿ. ಪಟ್ಟಿಯಲ್ಲಿ ಆ ಸೂಚಕದ ಜೊತೆ, ಪಿಎಚ್ 3ರ ಹತ್ತಿರವೇ ಉಳಿಯುವಂತೆ ಬಫರ್ ಸೇರಿಸುತ್ತಾರೆ. ಪಿಎಚ್ ಬದಲಾಗದಿದ್ದರೆ ಬಣ್ಣವೂ ಬದಲಾಗಬಾರದು ತಾನೇ? ಆದರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದ್ದರೆ ಅದು ಸೂಚಕದ ಅಣುವಿಗೆ ಅಂಟಿಕೊಳ್ಳುತ್ತದೆ, ಸೂಚಕ ತನ್ನ ಹೈಡ್ರೋಜನ್ ಅಯಾನು ಬಿಟ್ಟುಕೊಡುತ್ತದೆ, ಹಳದಿ ಹಸಿರಾಗುತ್ತದೆ. ಸೂಚಕ ಪಿಎಚ್ ವಿಷಯದಲ್ಲಿ ಮೋಸಹೋಗುವುದನ್ನೇ ಪರೀಕ್ಷೆಯಾಗಿ ಬಳಸಿಕೊಂಡರು.

ಇನ್ನೊಂದು ತೊಡಕೂ ಇತ್ತು. ಕಾಗದ ಒದ್ದೆಯಾದ ಕೂಡಲೇ ಒಂದು ಕಾರಕ ಇನ್ನೊಂದರ ಜಾಗಕ್ಕೆ ಹರಿಯುತ್ತದೆ. ಅದಕ್ಕೆ ನಡುವೆ ನೀರು ದಾಟದ ತಡೆ ಹಾಕಬೇಕಾಯಿತು. ಆಮೇಲಿನ ಸ್ಟ್ರಿಪ್‌ಗಳಲ್ಲಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಿಡಿಬಿಡಿಯಾಗಿ ಚಿಕ್ಕ ಚೌಕಗಳನ್ನು ಅಂಟಿಸಿದರು. ಹೀಗೆ ಬೆಳೆಯುತ್ತಾ ಹೋಗಿ ಮಲ್ಟಿಸ್ಟಿಕ್ಸ್ ಪಟ್ಟಿಯಲ್ಲಿ 10 ಪರೀಕ್ಷೆಗಳಾದವು: ಗ್ಲೂಕೋಸ್, ಕೀಟೋನ್, ಪ್ರೋಟೀನ್, ರಕ್ತ, ಬಿಲಿರುಬಿನ್, ಯುರೋಬಿಲಿನೋಜನ್, ಪಿಎಚ್, ಸಾಪೇಕ್ಷ ಸಾಂದ್ರತೆ, ನೈಟ್ರೈಟ್, ಬಿಳಿ ರಕ್ತಕಣ. ಒಂದೊಂದಕ್ಕೂ ನೋಡಬೇಕಾದ ಹೊತ್ತು ಬೇರೆ. ಗ್ಲೂಕೋಸಿಗೆ 30 ಸೆಕೆಂಡ್, ಪ್ರೋಟೀನಿಗೆ 60 ಸೆಕೆಂಡ್, ಬಿಳಿ ರಕ್ತಕಣಕ್ಕೆ 2 ನಿಮಿಷ.

ಈ ಸ್ಟ್ರಿಪ್ ನಮಗೆ ದೂರದ್ದೇನಲ್ಲ. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಗರ್ಭಿಣಿಯರ ಮೂತ್ರ ಪರೀಕ್ಷೆಗೆ ನರ್ಸ್ ಬಳಸುವುದು ಇಂಥದ್ದನ್ನೇ. ಗರ್ಭಿಣಿಯ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನೂ ಕಂಡರೆ ತಾಯಿಗೂ ಮಗುವಿಗೂ ಅಪಾಯ ಇರಬಹುದು. ಆ ಹಳದಿ ಚೌಕ ಹಸಿರಾದರೆ ನರ್ಸ್ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಲ್ಯಾಬ್ ಇಲ್ಲದ ಊರಿನಲ್ಲಿ ಒಂದು ನಿಮಿಷದಲ್ಲಿ ಆಗುವ ಈ ನಿರ್ಧಾರದಿಂದ ಎರಡು ಜೀವ ಉಳಿಯಬಹುದು.

ಮೂತ್ರದಿಂದ ರಕ್ತಕ್ಕೆ

ಮೂತ್ರದ ಪರೀಕ್ಷೆಗೂ ಮಿತಿ ಇದೆ. 180ರ ಮಿತಿಯನ್ನು ನೆನಪಿಸಿಕೊಳ್ಳಿ. ರಕ್ತದಲ್ಲಿ ಸಕ್ಕರೆ 90 ಇದ್ದರೂ, ಅಪಾಯವಾಗುವಷ್ಟು ಇಳಿದು 40 ಆಗಿದ್ದರೂ ಮೂತ್ರದ ಸ್ಟ್ರಿಪ್ ಒಂದೇ ಉತ್ತರ ಕೊಡುತ್ತದೆ: ಗ್ಲೂಕೋಸ್ ಇಲ್ಲ. ಅದಕ್ಕೇ ರಕ್ತದ ಹನಿಯನ್ನೇ ಪರೀಕ್ಷಿಸುವ ದಾರಿ ಬೇಕಾಯಿತು. ಮೈಲ್ಸ್ ಕಂಪನಿಯ ಏಮ್ಸ್ ವಿಭಾಗದಲ್ಲಿ ಅರ್ನೆಸ್ಟ್ ಆಡಮ್ಸ್ ರೂಪಿಸಿದ ಡೆಕ್ಸ್ಟ್ರೋಸ್ಟಿಕ್ಸ್ 1960ರ ದಶಕದಲ್ಲಿ ಬಂತು. ಕಣ್ಣಿನ ಅಂದಾಜು ಸಾಲದು ಎಂದು, ಅದೇ ವಿಭಾಗದ ಆಂಟನ್ ಕ್ಲೆಮೆನ್ಸ್ ಆ ಬಣ್ಣವನ್ನು ಬೆಳಕಿನಿಂದ ಅಳೆಯುವ ಮೀಟರ್ ಮಾಡಿದರು. ಅದು 1970ರ ಹೊತ್ತಿಗೆ ಮಾರಾಟಕ್ಕೆ ಬಂತು.

ಇಂದು ನಿಮ್ಮ ಅಜ್ಜನೋ ಅಜ್ಜಿಯೋ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಆ ಸಾಲಿನದ್ದೇ. ಇವತ್ತಿನ ಬಹುತೇಕ ಸ್ಟ್ರಿಪ್‌ಗಳಲ್ಲೂ ಗ್ಲೂಕೋಸನ್ನು ಹಿಡಿಯುವುದು ಕಿಣ್ವವೇ. ವ್ಯತ್ಯಾಸ ಇಷ್ಟೇ: ಬಣ್ಣದ ಬದಲು, ಕ್ರಿಯೆಯಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ಹುಟ್ಟಿಸುವ ಸಣ್ಣ ವಿದ್ಯುತ್ತನ್ನು ಯಂತ್ರ ಅಳೆಯುತ್ತದೆ.

ಹೆಲೆನ್ ಮುಂದೆ ಏನು ಮಾಡಿದರು?

ಕೆಲಸದ ಜೊತೆಗೇ ಆರು ಮಕ್ಕಳನ್ನು ಬೆಳೆಸಿದರು. ಮೂತ್ರ ಪರೀಕ್ಷೆಯ ಬಗ್ಗೆ ಗಂಡನ ಜೊತೆ ಸೇರಿ ಪುಸ್ತಕ ಬರೆದರು. ಏಳು ಪೇಟೆಂಟುಗಳಲ್ಲಿ ಅವರ ಹೆಸರಿದೆ. 1978ರಲ್ಲಿ, 55ನೇ ವಯಸ್ಸಿನಲ್ಲಿ, ಇನ್ನೊಂದು ಪದವಿ ಓದಿ ಮುಗಿಸಿದರು. 1993ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರಾದರು. ಮಕ್ಕಳಿಗೂ ಜನಸಾಮಾನ್ಯರಿಗೂ ರಸಾಯನಶಾಸ್ತ್ರ ತಲುಪಿಸುವುದಕ್ಕೆ ಎಷ್ಟು ದುಡಿದರೆಂದರೆ, ಅಂಥ ಕೆಲಸ ಮಾಡಿದವರಿಗೆ ಆ ಸಂಸ್ಥೆ ಅವರ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತದೆ. 2000ದಲ್ಲಿ ಅಮೆರಿಕದ ಆವಿಷ್ಕಾರಕರ ರಾಷ್ಟ್ರೀಯ ಗೌರವ ಪಟ್ಟಿಯಲ್ಲಿ ದಂಪತಿ ಇಬ್ಬರ ಹೆಸರೂ ಸೇರಿತು. ಆಲ್ಫ್ರೆಡ್ ತೀರಿಕೊಂಡದ್ದೂ ಅದೇ ವರ್ಷ. ಹೆಲೆನ್ 2021ರ ಮೇ 1ರಂದು, 98ನೇ ವಯಸ್ಸಿನಲ್ಲಿ ನಿಧನರಾದರು.

ನೀವೇ ಮಾಡಿ: ಎರಡು ಪರೀಕ್ಷೆಯ ಒಂದು ಪಟ್ಟಿ

ಬೇಕಾದದ್ದು: ಸೋಸುಕಾಗದ ಅಥವಾ ಬ್ಲಾಟಿಂಗ್ ಪೇಪರ್, ಅರಿಶಿನ ಪುಡಿ, ಕೆಂಪು ದಾಸವಾಳದ ಎಸಳು, ಮೇಣದ ಬತ್ತಿ, ನಿಂಬೆರಸ, ಸಾಬೂನು ನೀರು, ಮುಚ್ಚಳವಿರುವ ಎರಡು ಶೀಶೆ, ಸ್ವಲ್ಪ ಒಣ ಅಕ್ಕಿ.

1. 8 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಎಂಟು ಪಟ್ಟಿ ಕತ್ತರಿಸಿ. ಆರು ಪಟ್ಟಿಗಳ ನಡುವೆ ಅಡ್ಡಗೆರೆಯಂತೆ ಕರಗಿದ ಮೇಣ ಬಿಡಿ, ಮೇಣ ಕಾಗದದ ಇನ್ನೊಂದು ಬದಿಗೂ ಇಳಿಯಬೇಕು. ಬೆಂಕಿಯ ಕೆಲಸ ಅಧ್ಯಾಪಕರ ಎದುರಿನಲ್ಲೇ ಆಗಲಿ. ಎರಡು ಪಟ್ಟಿಗೆ ಮೇಣ ಬೇಡ.

2. ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ ರಸ ಸೋಸಿಕೊಳ್ಳಿ. ಅರಿಶಿನವನ್ನು ನೀರಿನಲ್ಲಿ ಕಲಸಿ. ಹತ್ತಿಯಿಂದ ಒಂದು ಅರ್ಧಕ್ಕೆ ಅರಿಶಿನ, ಇನ್ನೊಂದು ಅರ್ಧಕ್ಕೆ ದಾಸವಾಳ ಹಚ್ಚಿ, ನೆರಳಿನಲ್ಲಿ ಒಣಗಿಸಿ.

3. ಮೇಣವಿರುವ ಒಂದು ಪಟ್ಟಿಯನ್ನು ಸಾಬೂನು ನೀರಿನಲ್ಲಿ, ಇನ್ನೊಂದನ್ನು ನಿಂಬೆರಸದಲ್ಲಿ ಅದ್ದಿ ತೆಗೆಯಿರಿ. ಪ್ರತ್ಯಾಮ್ಲದಲ್ಲಿ ಅರಿಶಿನ ಕೆಂಪು, ದಾಸವಾಳ ಹಸಿರು. ಆಮ್ಲದಲ್ಲಿ ಅರಿಶಿನ ಹಳದಿಯೇ, ದಾಸವಾಳ ಗಾಢ ಗುಲಾಬಿ. ಬಣ್ಣವನ್ನು 30 ಸೆಕೆಂಡಿಗೆ, 5 ನಿಮಿಷಕ್ಕೆ, ಮರುದಿನ ನೋಡಿ ಬರೆದಿಡಿ. ಮೇಣ ಇಲ್ಲದ ಪಟ್ಟಿಗಳನ್ನೂ ಹಾಗೇ ಅದ್ದಿ, ನಡುವಿನ ಜಾಗದಲ್ಲಿ ಏನಾಗುತ್ತದೆ ನೋಡಿ.

4. ಉಳಿದ ನಾಲ್ಕು ಪಟ್ಟಿಗಳಲ್ಲಿ ಎರಡನ್ನು ಒಣ ಅಕ್ಕಿ ಹಾಕಿದ ಶೀಶೆಯಲ್ಲಿ ಮುಚ್ಚಿಡಿ. ಇನ್ನೆರಡನ್ನು ತೆರೆದ ಶೀಶೆಯಲ್ಲಿ, ಗಾಳಿ ಬೆಳಕು ಬೀಳುವಲ್ಲಿ ಇಡಿ. ಎರಡು ವಾರ ಬಿಟ್ಟು ಸಾಬೂನು ನೀರು, ನಿಂಬೆರಸಗಳಿಂದ ಪರೀಕ್ಷಿಸಿ ಹೋಲಿಸಿ.

ಮನೆಯ ಗ್ಲೂಕೋಮೀಟರ್ ಸ್ಟ್ರಿಪ್‌ಗಳನ್ನು ಆಟಕ್ಕೆ ತೆಗೆಯಬೇಡಿ. ಅವು ಹಿರಿಯರ ಮದ್ದಿನಷ್ಟೇ ಅಗತ್ಯದ್ದು.

ಆಲೋಚಿಸಿ, ಬರೆಯಿರಿ

1. ಸ್ಟ್ರಿಪ್ ಶೀಶೆಯೊಳಗೆ ತೇವ ಹೀರುವ ಸಣ್ಣ ಪೊಟ್ಟಣ ಯಾಕೆ ಇರುತ್ತದೆ? ಶೀಶೆಯ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ಕಡೆಗಣಿಸಿದರೆ ಏನಾದೀತು?

2. ಹೇಳಿದ ಹೊತ್ತಿಗಿಂತ ತುಂಬಾ ತಡವಾಗಿ ಬಣ್ಣ ನೋಡಿದರೆ ಉತ್ತರ ತಪ್ಪುವುದು ಯಾಕೆ? ನಿಮ್ಮ ಮೂರನೇ ಹಂತದ ಟಿಪ್ಪಣಿ ನೋಡಿ ಹೇಳಿ.

3. ಕೆಂಪು ಮತ್ತು ಹಸಿರು ಬೇರೆಬೇರೆಯಾಗಿ ಕಾಣದ ಬಣ್ಣಗುರುಡು ಇರುವವರು ಈ ಸ್ಟ್ರಿಪ್ ಬಳಸುವುದು ಹೇಗೆ? ಅವರಿಗಾಗಿ ನೀವು ಏನು ಬದಲಾಯಿಸುತ್ತೀರಿ?

4. ಕುಡಿಯುವ ನೀರಿಗೋ, ತೋಟದ ಮಣ್ಣಿಗೋ, ಹಾಲಿಗೋ ನಿಮ್ಮ ಊರಿಗೆ ಬೇಕಾದ ಒಂದು ಸುಲಭ ಪರೀಕ್ಷೆಯನ್ನು ಯೋಚಿಸಿ. ಅದು ಏನನ್ನು ಹುಡುಕಬೇಕು, ಎಲ್ಲೆಲ್ಲಿ ತಪ್ಪು ಹೇಳಬಹುದು ಎಂದು ಅರ್ಧ ಪುಟ ಬರೆದು ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ಕೊಡಿ.